‘ಒಕ್ಕಲೆಬ್ಬಿಸು’: ರಚನೆ, ಬಳಕೆ ಮತ್ತು ಗೇಣಿ ಕಾನೂನು

‘ಒಕ್ಕಲು’, ‘ಎಬ್ಬಿಸು’ ಎಂಬೆರಡು ಪದಗಳು ಲೋಪಸಂಧಿಯಾಗಿ ಕೂಡಿ ‘ಒಕ್ಕಲೆಬ್ಬಿಸು’ ಆಗಿವೆ. ಗೇಣಿದಾರನನ್ನು ಜಮೀನು ಬಿಡಿಸುವುದು ಇದರ ರೂಢಿಯ ಅರ್ಥ. ಆದರೆ ಒಕ್ಕಲು ಎಂಬುದಕ್ಕೆ ಗೇಣಿದಾರನ ಜೊತೆಗೆ ನೆಲೆ, ಮನೆತನ, ಬೇಸಾಯಗಾರ ಎಂಬ ಅರ್ಥಗಳೂ ಇವೆ. ಶಾಸನಗಳಲ್ಲಿ ಕಾಣುವ ತೆಲ್ಲಿಗರ ‘ಐವತ್ತೊಕ್ಕಲು’ ಗಾಣದವರ ಸಂಘ. ಅಲ್ಲಿ ಒಕ್ಕಲೆಂದರೆ ಮನೆತನದ ಎಣಿಕೆ. ಗೃಹಪ್ರವೇಶಕ್ಕೆ ಇಂದಿಗೂ ‘ಮನೆಯೊಕ್ಕಲು’ ಎನ್ನುವವರಿದ್ದಾರೆ. ಒಂದು ದೇವರಿಗೆ ತಲೆಮಾರುಗಳಿಂದ ನಡೆದುಕೊಳ್ಳುವ ಮನೆಗಳು ಆ ದೇವರ ಒಕ್ಕಲು. ಹಾಗಾಗಿ ಒಕ್ಕಲೆಬ್ಬಿಸಿದರೆ ನೆಲೆ ತಪ್ಪುವುದು ಇಡೀ ಸಂಸಾರಕ್ಕೆ.

ಉತ್ತರಪದ ‘ಏಳು’ ಧಾತುವಿನ ಪ್ರೇರಣಾರ್ಥಕ ರೂಪ. ಬರಕ್ಕೋ ರೋಗಕ್ಕೋ ಊರು ಬಿಟ್ಟವರು ‘ಒಕ್ಕಲೆದ್ದು’ ಹೋಗುತ್ತಾರೆ. ಒಕ್ಕಲೆಬ್ಬಿಸುವುದಕ್ಕೆ ಇನ್ನೊಬ್ಬ ಬೇಕೇ ಬೇಕು. ಎಬ್ಬಿಸಿದವರು ಯಾರು, ಎದ್ದವರು ಯಾರು ಎಂಬೆರಡನ್ನೂ ಈ ಕ್ರಿಯಾಪದ ಕೇಳುತ್ತದೆ. ಕಚೇರಿಯ ‘ಒತ್ತುವರಿ ತೆರವು’ ಹಾಗಲ್ಲ: ತೆರವಾಗುವುದು ಜಾಗ, ಅಲ್ಲಿದ್ದವರ ಸುದ್ದಿಯೇ ಇಲ್ಲ. ಪೇಟೆಯ ‘ಮನೆ ಖಾಲಿ ಮಾಡಿಸು’ ಎಂಬುದೂ ಮನೆಯನ್ನೇ ಕರ್ಮವಾಗಿಸಿಕೊಂಡಿದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ನೆಲೆ ಕಳೆದುಕೊಂಡ ಶರಾವತಿ ಕಣಿವೆಯ ಕುಟುಂಬಗಳಿಗೆ ‘ಮುಳುಗಡೆ ಸಂತ್ರಸ್ತರು’ ಎಂಬ ಹೆಸರು ನಿಂತಿತು. ಮುಳುಗಿಸಿದ್ದು ನೀರು ಎಂಬಂತಾಗಿ, ಯೋಜನೆ ರೂಪಿಸಿದವರು ಮಾತಿನಿಂದ ಜಾರಿಕೊಂಡರು. ಇದನ್ನು ಕೇವಲ ಶೈಲಿಯ ಭೇದವೆಂದು ಬಿಡಲಾಗದು.

ಲಿಂಗನಮಕ್ಕಿ ಇರುವ ಸಾಗರ ಸೀಮೆಯಲ್ಲೇ, 1951ರ ಕಾಗೋಡು ಸತ್ಯಾಗ್ರಹದಲ್ಲಿ, ಎಬ್ಬಿಸುವ ಭೂಮಾಲೀಕರು ಮತ್ತು ಏಳಬೇಕಾದ ಗೇಣಿದಾರರು ಮುಖಾಮುಖಿಯಾಗಿದ್ದರು. ಗೇಣಿ ಭತ್ತ ಅಳೆಯುವ ಕೊಳಗದ ಗಾತ್ರದ ಮೇಲೆ ಎದ್ದ ತಕರಾರು ಸಾಗುವಳಿ ಬಿಡಿಸುವವರೆಗೆ ಹೋಯಿತು. ಹೆಚ್. ಗಣಪತಿಯಪ್ಪ ಗೇಣಿದಾರರನ್ನು ಸಂಘಟಿಸಿದರು. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು.

ಈ ಪದದ ಕಾನೂನಿನ ಬದುಕಿನಲ್ಲಿ ನನಗೆ ಅತಿ ಮುಖ್ಯವೆನಿಸುವುದು 1961ರ ಭೂಸುಧಾರಣಾ ಕಾಯ್ದೆಗೆ ದೇವರಾಜ ಅರಸು ಸರ್ಕಾರ ತಂದ ತಿದ್ದುಪಡಿ. ಅದು ಜಾರಿಗೆ ಬಂದ 1974ರ ಮಾರ್ಚ್ 1ಕ್ಕೆ ತೀರ ಮುಂಚೆ ಗೇಣಿದಾರರ ಸ್ವಾಧೀನದಲ್ಲಿದ್ದ ಜಮೀನು ಸರ್ಕಾರಕ್ಕೆ ಸೇರುತ್ತದೆಂದು 44ನೆಯ ಕಲಂ ಹೇಳಿತು. ಅದರ ಆವರಣದೊಳಗಿನ ಒಂದು ಮಾತು ದೊಡ್ಡದು: ಒಕ್ಕಲೆಬ್ಬಿಸುವ ಡಿಕ್ರಿ ಅಥವಾ ಆದೇಶಕ್ಕೆ ಗುರಿಯಾದವರೂ ಈ ಗೇಣಿದಾರರಲ್ಲಿ ಸೇರುತ್ತಾರೆ. ಕೋರ್ಟು ಏಳು ಎಂದಿದ್ದರೂ ಏಳದೆ ಉಳುತ್ತಿದ್ದವನು ಒಕ್ಕಲಾಗಿಯೇ ಉಳಿದ. 7ನೆಯ ನಮೂನೆಯಲ್ಲಿ ‘ಡಿಕ್ಲರೇಷನ್’ ಹಾಕಿ ಅಧಿಭೋಗದ ಹಕ್ಕು ಕೇಳುವ ದಾರಿ ಅವನಿಗೂ ತೆರೆಯಿತು. ಬಾಯಿಮಾತಿನ ಗೇಣಿಯವನಿಗೆ ಆ ದಾರಿ ಕಠಿಣವಾಗಿತ್ತು. ಪಹಣಿಯಲ್ಲಿ ಹೆಸರಿಲ್ಲದಿದ್ದರೆ ನೆರೆಹೊರೆಯ ಸಾಕ್ಷಿಯೇ ಆಧಾರ. ಈ ಅರ್ಜಿಗಳನ್ನು ತೀರ್ಮಾನಿಸಿದ ಭೂನ್ಯಾಯಮಂಡಳಿಗಳ ಕಡತಗಳಲ್ಲಿರುವ ಈ ಸಾಕ್ಷಿಗಳ ಹೇಳಿಕೆಗಳನ್ನು ಭಾಷೆಯ ದಾಖಲೆಯಾಗಿ ಓದುವ ಕೆಲಸ ಆಗಬೇಕು. ‘ಬಿಡಿಸಿದರು’, ‘ಬಿಟ್ಟೆ’, ‘ಎಬ್ಬಿಸಿದರು’ ಎಂಬ ಮೂರರಲ್ಲಿ ಯಾವುದು ಹೇಳಿಕೆಯಲ್ಲಿ ದಾಖಲಾಗಿದೆ ಎಂಬುದು ಹಕ್ಕಿನ ತೀರ್ಮಾನಕ್ಕೂ ಸಂಬಂಧಿಸಿದ ಪ್ರಶ್ನೆ.