ಬೈಗುಳವೂ ರೆಫರಿಯ ಕಿವಿಯೂ

ಕೆಲವು ವರ್ಷ ನಾನು ಹವ್ಯಾಸಿಗಳ ಫುಟ್‌ಬಾಲ್ ಪಂದ್ಯಗಳಲ್ಲಿ ರೆಫರಿಯಾಗಿದ್ದೆ. ಒಮ್ಮೆ, ಗೋಲಿನ ಎದುರಿನಲ್ಲೇ ಗುರಿ ತಪ್ಪಿದ ಹುಡುಗನೊಬ್ಬ ತನ್ನ ಕಾಲನ್ನೇ ನೋಡಿಕೊಂಡು ಹೊಲಸು ಮಾತೊಂದನ್ನು ಕೂಗಿದ. ಅವನನ್ನು ಹೊರಗೆ ಕಳುಹಿಸಿದೆ. ಅದೇ ಆಟದಲ್ಲಿ ಇನ್ನೊಬ್ಬ, ಎದುರಾಳಿಯ ತಾಯಿಯನ್ನು ಕುರಿತು, ನಗುನಗುತ್ತ, ಮೆಲುದನಿಯಲ್ಲಿ ಏನೋ ಅಂದ. ಅದು ನನ್ನ ಕಿವಿಗೆ ಬಿದ್ದಿತ್ತು; ಬೀಳದವನಂತೆ ಮುಂದೆ ಓಡಿದೆ. ಆ ಸಂಜೆ ನಾನು ಮಾಡಿದ್ದು ನ್ಯಾಯವೆ? ಈ ಪ್ರಶ್ನೆಯೇ ನನ್ನನ್ನು ಆಟದ ಚರಿತ್ರೆಯ ಕಡೆಗೆ ಎಳೆಯಿತು.

1863ರಲ್ಲಿ ಲಂಡನ್ನಿನಲ್ಲಿ ಫುಟ್‌ಬಾಲ್ ಅಸೋಸಿಯೇಷನ್ ಹುಟ್ಟಿ ನಿಯಮಾವಳಿಯನ್ನು ರಚಿಸಿದಾಗ ಅದರಲ್ಲಿ ರೆಫರಿಯೇ ಇರಲಿಲ್ಲ. ಸಭ್ಯರ ಆಟಕ್ಕೆ ನಾಯಕರಿಬ್ಬರ ಮಾತೇ ಸಾಕೆಂಬ ನಂಬಿಕೆ. ಆಮೇಲೆ ಪಕ್ಷಕ್ಕೊಬ್ಬರಂತೆ ಅಂಪೈರುಗಳು ಬಂದರು. ಅವರಲ್ಲಿ ಒಮ್ಮತವಿಲ್ಲದಾಗ ಕೇಳಲು ಗೆರೆಯ ಹೊರಗೊಬ್ಬ ರೆಫರಿ. 1891ರಲ್ಲಿ ಆತ ಮೈದಾನದೊಳಕ್ಕೆ ಬಂದ. ಆಟಗಾರರ ಮಾತು ನೇರವಾಗಿ ಅವನ ಕಿವಿಗೆ ಬೀಳತೊಡಗಿತು.

ಆದರೆ ಕಿವಿಗೆ ಬಿದ್ದುದೆಲ್ಲ ಅರ್ಥವಾಗಬೇಕಲ್ಲ! 1966ರ ಜುಲೈ 23ರಂದು ವೆಂಬ್ಲಿಯಲ್ಲಿ, ವಿಶ್ವಕಪ್ಪಿನ ಕ್ವಾರ್ಟರ್ ಫೈನಲ್ಲಿನಲ್ಲಿ, ಜರ್ಮನಿಯ ರೆಫರಿ ರುಡಾಲ್ಫ್ ಕ್ರೈಟ್‌ಲೈನ್ ಅವರು ವಾದಕ್ಕೆ ನಿಂತ ಅರ್ಜೆಂಟೀನಾದ ನಾಯಕ ರಾಟಿನ್‌ರನ್ನು ಹೊರಗೆ ಕಳುಹಿಸಿದರು. ಅವರಿಗೆ ಸ್ಪ್ಯಾನಿಷ್ ತಿಳಿಯದು. ದುಭಾಷಿಯನ್ನು ಕೇಳಿದೆನೇ ಹೊರತು ಬೈಯಲಿಲ್ಲ ಎಂಬುದು ರಾಟಿನ್‌ರ ವಾದ. ಹಲವು ನಿಮಿಷ ಅವರು ಮೈದಾನ ಬಿಡಲೇ ಇಲ್ಲ. ಆ ಕೂಟದ ರೆಫರಿಗಳ ಮೇಲ್ವಿಚಾರಕರಾಗಿದ್ದ ಕೆನ್ ಆಸ್ಟನ್, ಬೀದಿಯ ಸಂಚಾರದೀಪವನ್ನು ಕಂಡು, ಹಳದಿ ಮತ್ತು ಕೆಂಪು ಚೀಟಿಗಳನ್ನು ಯೋಚಿಸಿದರು. 1970ರ ಮೆಕ್ಸಿಕೊ ವಿಶ್ವಕಪ್ಪಿನಲ್ಲಿ ಅವು ಬಳಕೆಗೆ ಬಂದವು. ರೆಫರಿಯ ಮಾತು ಎಲ್ಲರಿಗೂ ತಿಳಿಯುವಂತಾಯಿತು; ಆಟಗಾರನ ಮಾತನ್ನು ತೂಗುವ ಹೊಣೆ ಮಾತ್ರ ಕಿವಿಯದಾಗಿಯೇ ಉಳಿಯಿತು.

ಆ ತೂಕಕ್ಕೊಂದು ದಾರಿ 1997ರಲ್ಲಿ ಕಂಡಿತು. ಅದುವರೆಗೆ ಹೊಲಸು ಅಥವಾ ನಿಂದೆಯ ಮಾತು ಎಂದಿದ್ದ ನಿಯಮ, ಆಗ ನೋಯಿಸುವ, ಅವಮಾನಿಸುವ ಅಥವಾ ನಿಂದಿಸುವ ಮಾತು ಎಂದಾಯಿತು. ಶಬ್ದದ ಮೈಲಿಗೆಗಿಂತ ಅದು ಯಾರಿಗೆ ನಾಟಿತೆಂಬುದು ಮುಖ್ಯವಾಯಿತೆಂದು ನನಗೆ ತೋರುತ್ತದೆ. 2019ರಲ್ಲಿ ಇಂಗ್ಲೆಂಡಿನ ಹವ್ಯಾಸಿ ಆಟಕ್ಕೆ ಮತ್ತೊಂದು ಮೆಟ್ಟಿಲು ಸೇರಿತು: ತೀರ್ಪಿಗೆ ಎದುರಾಡಿದವನು 10 ನಿಮಿಷ ಹೊರಗೆ ಕುಳಿತು ತಣ್ಣಗಾಗಿ ಮರಳಬೇಕು.

ಹವ್ಯಾಸಿ ಪಂದ್ಯದ ರೆಫರಿ ಬಹುಮಟ್ಟಿಗೆ ಒಂಟಿ. ಗೆರೆಯ ಬಳಿ ಬಾವುಟ ಹಿಡಿದವರೂ ಆಯಾ ಪಕ್ಷದವರೇ. ಹಾಗಿರುವಾಗ ಅವನು ಮಾಡಬೇಕಾದುದೇನು? ಆಟಕ್ಕೆ ಮೊದಲು ನಾಯಕರಿಬ್ಬರನ್ನೂ ಕರೆದು ತನ್ನ ಮಿತಿಯನ್ನು ತಿಳಿಸಲಿ. 1863ರ ಆ ಹಳೆಯ ನಂಬಿಕೆಯಲ್ಲಿ ಉಳಿಸಿಕೊಳ್ಳತಕ್ಕ ಭಾಗ ಇದು. ತನ್ನನ್ನೇ ಶಪಿಸಿಕೊಂಡವನಿಗೆ ಹತ್ತಿರ ಹೋಗಿ ಒಂದು ಬುದ್ಧಿಮಾತು ಸಾಕು. ಇನ್ನೊಬ್ಬನ ಮಾನಕ್ಕೆ ಗುರಿಯಿಟ್ಟ ಮಾತಿಗೆ, ಅದು ಎಷ್ಟೇ ಮೆಲ್ಲಗಿರಲಿ, ಕೆಂಪು ಚೀಟಿಯೇ ಉತ್ತರ.

ಆ ದಿನ ನಾನು ದನಿಯ ಎತ್ತರವನ್ನು ಅಳೆದೆ, ಗಾಯದ ಆಳವನ್ನು ಅಳೆಯಲಿಲ್ಲ. ಹೊರಗೆ ಹೋದ ಆ ಹುಡುಗ ಮುಂದೆಂದೂ ನನ್ನ ಪಂದ್ಯಕ್ಕೆ ಆಡಲು ಬರಲಿಲ್ಲ.