ಕಾರಿನ ‘ಸ್ವಯಂಚಾಲನೆ’ ಸೌಲಭ್ಯ: ಹೆಚ್ಚುವರಿ ಹಣ ಕೊಡುವ ಮುನ್ನ ತಿಳಿದಿರಬೇಕಾದ ಸಂಗತಿಗಳು

ಕಾಸರಗೋಡು: ಹೊಸ ಕಾರು ಖರೀದಿಸಲು ಶೋರೂಮಿಗೆ ಹೋದವರ ಮುಂದೆ ಇತ್ತೀಚಿನ ವರ್ಷಗಳಲ್ಲಿ ಹೊಸ ಪ್ರಶ್ನೆಯೊಂದು ಬಂದು ನಿಲ್ಲುತ್ತಿದೆ. ಅದೇ ಕಾರು, ಅದೇ ಇಂಜಿನ್. ಆದರೆ ಇನ್ನಷ್ಟು ಹಣ ಸೇರಿಸಿದರೆ ‘ಅಡಾಸ್’ ಇರುವ ಕಾರು ಸಿಗುತ್ತದೆ. ಅದು ತಾನಾಗಿ ಬ್ರೇಕ್ ಹಾಕುತ್ತದೆ, ತಾನಾಗಿ ಸ್ಟೇರಿಂಗ್ ತಿರುಗಿಸುತ್ತದೆ ಎಂದು ಹೇಳಲಾಗುತ್ತದೆ. ರಜೆಯಲ್ಲಿ ಊರಿಗೆ ಬಂದ ಗಲ್ಫ್ ಉದ್ಯೋಗಿಗೂ, ಬ್ಯಾಂಕ್ ಸಾಲ ಮಾಡಿ ಮೊದಲ ಕಾರು ಕೊಳ್ಳುವ ಶಿಕ್ಷಕರಿಗೂ ಇದು ಸಣ್ಣ ಮೊತ್ತವಲ್ಲ. ಈ ಹಣ ಕೊಡಬೇಕೇ, ಬೇಡವೇ ಎಂಬುದು ಕಾರು ಓಡುವ ರಸ್ತೆಯನ್ನು ಹೊಂದಿಕೊಂಡಿದೆ.

ಏನಿದು ಅಡಾಸ್?

ಚಾಲಕನಿಗೆ ನೆರವಾಗುವ ಹಲವು ಸೌಲಭ್ಯಗಳ ಒಟ್ಟು ಹೆಸರೇ ಅಡಾಸ್. ಮುಂದಿನ ಗಾಜಿನ ಒಳಗೆ ಕನ್ನಡಿಯ ಹತ್ತಿರ ಇರುವ ಕ್ಯಾಮರಾ, ಹಲವು ಮಾದರಿಗಳಲ್ಲಿ ಬಂಪರ್ ಭಾಗದಲ್ಲಿರುವ ರೇಡಾರ್ ಇದರ ಕಣ್ಣುಗಳು. ಡಿಕ್ಕಿಯಾಗುವ ಸೂಚನೆ ಕಂಡರೆ ಎಚ್ಚರಿಸಿ ಬ್ರೇಕ್ ಹಾಕುವುದು, ಮುಂದಿನ ವಾಹನದಿಂದ ಅಂತರ ಕಾಯ್ದುಕೊಂಡು ಓಡುವುದು, ರಸ್ತೆಯ ಗೆರೆ ನೋಡಿ ಪಥ ಬಿಡದಂತೆ ಸ್ಟೇರಿಂಗ್ ತಿದ್ದುವುದು, ಬದಿಯಲ್ಲಿ ಕಣ್ಣಿಗೆ ಬೀಳದ ವಾಹನವನ್ನು ತಿಳಿಸುವುದು, ಹಿಂದಕ್ಕೆ ತೆಗೆಯುವಾಗ ಅಡ್ಡ ಬರುವ ವಾಹನದ ಬಗ್ಗೆ ಎಚ್ಚರಿಸುವುದು ಇದರ ಮುಖ್ಯ ಕೆಲಸಗಳು. ಎಲ್ಲ ಕಾರುಗಳಲ್ಲೂ ಇವೆಲ್ಲ ಇರುವುದಿಲ್ಲ. ಹೆಸರು ಒಂದೇ ಆದರೂ ಒಳಗಿನ ಸರಕು ಬೇರೆ ಬೇರೆ.

ಚಾಲಕನಿಲ್ಲದ ಕಾರಲ್ಲ

ಸ್ವಯಂಚಾಲನೆಯನ್ನು ಎಸ್‌ಎಇ ಎಂಬ ಅಂತಾರಾಷ್ಟ್ರೀಯ ಇಂಜಿನಿಯರುಗಳ ಸಂಘಟನೆ ಸೊನ್ನೆಯಿಂದ 5ರ ತನಕ ಆರು ಹಂತಗಳಾಗಿ ವಿಂಗಡಿಸಿದೆ. ಒಂದನೇ ಹಂತದಲ್ಲಿ ಕಾರು ವೇಗ ಅಥವಾ ಸ್ಟೇರಿಂಗ್, ಇವುಗಳಲ್ಲಿ ಒಂದನ್ನು ಮಾತ್ರ ನೋಡಿಕೊಳ್ಳುತ್ತದೆ. ಎರಡನೇ ಹಂತದಲ್ಲಿ ಎರಡನ್ನೂ ನೋಡಿಕೊಳ್ಳುತ್ತದೆ, ಆದರೆ ರಸ್ತೆಯ ಮೇಲೆ ಕಣ್ಣಿಡಬೇಕಾದವನು ಚಾಲಕನೇ. ಭಾರತದಲ್ಲಿ ಅಡಾಸ್ ಹೆಸರಿನಲ್ಲಿ ಮಾರಾಟವಾಗುವ ಸಾಮಾನ್ಯ ಕಾರುಗಳೆಲ್ಲ ಈ ಎರಡು ಹಂತಗಳ ಒಳಗೇ ಇವೆ.

2020ರಲ್ಲಿ ಎಂಜಿ ಗ್ಲೋಸ್ಟರ್, 2021ರಲ್ಲಿ ಎಂಜಿ ಆಸ್ಟರ್ ಮತ್ತು ಮಹೀಂದ್ರಾ ಎಕ್ಸ್‌ಯುವಿ 700, 2022ರಲ್ಲಿ ಹೋಂಡಾ ಸಿಟಿ ಹೈಬ್ರಿಡ್ ಈ ಸೌಲಭ್ಯದೊಂದಿಗೆ ಬಂದವು. 2024ರ ಡಿಸೆಂಬರಿನಲ್ಲಿ ಹೋಂಡಾ ಅಮೇಜ್ ಮೂಲಕ ಅದು 10 ಲಕ್ಷ ರೂಪಾಯಿಯ ಒಳಗಿನ ಶೋರೂಮ್ ಬೆಲೆಗೂ ಇಳಿಯಿತು. 2025ರಲ್ಲಿ ವಿಕ್ಟೋರಿಸ್ ಮೂಲಕ ಮಾರುತಿಯೂ ಈ ಸಾಲಿಗೆ ಸೇರಿತು.

ಅದೇ 2025ರ ಜುಲೈಯಲ್ಲಿ ಮುಂಬೈಯಲ್ಲಿ ಮಳಿಗೆ ತೆರೆದ ಅಮೆರಿಕದ ಟೆಸ್ಲಾ ಕಂಪೆನಿ, ‘ಪೂರ್ಣ ಸ್ವಯಂಚಾಲನೆ’ ಎಂಬ ಹೆಸರಿನ ಸೌಲಭ್ಯಕ್ಕೆ ಪ್ರತ್ಯೇಕವಾಗಿ 6 ಲಕ್ಷ ರೂ. ನಿಗದಿಪಡಿಸಿತು. ಹೆಸರು ಹಾಗಿದ್ದರೂ ಚಾಲಕನ ನಿಗಾ ಬೇಕೇ ಬೇಕು ಎಂದು ಕಂಪೆನಿಯೇ ಹೇಳುತ್ತದೆ. ಚಾಲಕನಿಲ್ಲದ ಕಾರುಗಳಿಗೆ ಭಾರತದಲ್ಲಿ ಅವಕಾಶ ಕೊಡುವುದಿಲ್ಲ, ಅದರಿಂದ ಚಾಲಕರ ಕೆಲಸ ಹೋಗುತ್ತದೆ ಎಂದು ಕೇಂದ್ರ ಸಾರಿಗೆ ಸಚಿವ ನಿತಿನ್ ಗಡ್ಕರಿ 2017ರಲ್ಲಿ ಹೇಳಿದ್ದರು. 2023ರಲ್ಲೂ ಅದೇ ನಿಲುವನ್ನು ಪುನರುಚ್ಚರಿಸಿದ್ದರು.

ಹೊಣೆ ಯಾರದು?

ಅಪಘಾತವಾದರೆ ‘ಕಾರೇ ಓಡುತ್ತಿತ್ತು’ ಎಂಬ ಮಾತು ಚಾಲಕನನ್ನು ಪಾರುಮಾಡದು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 281ನೇ ಸೆಕ್ಷನ್ ಅಜಾಗರೂಕ ಚಾಲನೆಗೆ, 106ನೇ ಸೆಕ್ಷನ್ ನಿರ್ಲಕ್ಷ್ಯದಿಂದ ಸಾವಿಗೆ ಕಾರಣವಾಗುವುದಕ್ಕೆ ಸಂಬಂಧಿಸಿದ್ದು. ಸ್ಟೇರಿಂಗ್ ಹಿಂದೆ ಕುಳಿತವನೇ ಇಲ್ಲಿ ಚಾಲಕ. ಕಾರಿನ ಜತೆ ಕೊಡುವ ಕೈಪಿಡಿಯಲ್ಲೂ ಇದು ನೆರವು ಮಾತ್ರ, ಹೊಣೆ ಚಾಲಕನದು ಎಂದೇ ಬರೆದಿರುತ್ತದೆ.

ಜೀವ ಉಳಿಸುವುದು ಯಾವುದು?

ವಿಮಾ ಕಂಪೆನಿಗಳ ಹಣದಿಂದ ನಡೆಯುವ ಅಮೆರಿಕದ ಐಐಎಚ್‌ಎಸ್ ಎಂಬ ರಸ್ತೆ ಸುರಕ್ಷತಾ ಸಂಸ್ಥೆಯ ಅಧ್ಯಯನಗಳು ಈ ವಿಷಯದಲ್ಲಿ ದಾರಿ ತೋರಿಸುತ್ತವೆ. ತಾನಾಗಿ ಬ್ರೇಕ್ ಹಾಕುವ ಸೌಲಭ್ಯವಿರುವ ಕಾರುಗಳು ಮುಂದಿನ ವಾಹನಕ್ಕೆ ಹಿಂದಿನಿಂದ ಗುದ್ದುವ ಪ್ರಕರಣಗಳು ಸುಮಾರು ಅರ್ಧದಷ್ಟು ಕಡಿಮೆ ಎಂದು ಅದು ಕಂಡುಕೊಂಡಿದೆ. ಆದರೆ ವೇಗ ಮತ್ತು ಸ್ಟೇರಿಂಗ್ ಎರಡನ್ನೂ ನೋಡಿಕೊಳ್ಳುವ ಎರಡನೇ ಹಂತದ ವ್ಯವಸ್ಥೆಯಿಂದ ಅಪಘಾತ ತಗ್ಗುತ್ತದೆ ಎಂಬುದಕ್ಕೆ ಹೆಚ್ಚಿನ ಪುರಾವೆ ಸಿಕ್ಕಿಲ್ಲ ಎಂದು 2024ರಲ್ಲಿ ತಿಳಿಸಿದೆ. ಅಂದರೆ ಜೀವ ಉಳಿಸುವುದು ತುರ್ತು ಬ್ರೇಕ್. ಸ್ಟೇರಿಂಗ್ ಹಿಡಿಯುವ ಸೌಲಭ್ಯ ಬಹುಮಟ್ಟಿಗೆ ಆರಾಮಕ್ಕಾಗಿ.

ಇನ್ನೊಂದು ಅಂಶ ನಮ್ಮ ಕಡೆಯವರಿಗೆ ಮುಖ್ಯವಾದುದು. ಪಾದಚಾರಿಗಳನ್ನು ಗುರುತಿಸಿ ಬ್ರೇಕ್ ಹಾಕುವ ವ್ಯವಸ್ಥೆಯಿಂದ ಅಂಥ ಅಪಘಾತಗಳು ಒಟ್ಟಾರೆ ಶೇ. 27ರಷ್ಟು ಕಡಿಮೆಯಾದರೂ, ಬೀದಿದೀಪವಿಲ್ಲದ ಕತ್ತಲ ರಸ್ತೆಯಲ್ಲಿ ಪ್ರಯೋಜನ ಕಾಣಲಿಲ್ಲ ಎಂದು ಅದೇ ಸಂಸ್ಥೆ 2022ರಲ್ಲಿ ಹೇಳಿದೆ. ರಾತ್ರಿ ಯಕ್ಷಗಾನವೋ ತೆಯ್ಯವೋ ಮುಗಿಸಿ ರಸ್ತೆ ಬದಿಯಲ್ಲಿ ನಡೆದು ಮನೆಗೆ ಮರಳುವವರು ಇರುವ ನಾಡಿದು. ಕಾರು ನೋಡಿಕೊಳ್ಳುತ್ತದೆ ಎಂದು ನಂಬಿ ಇಂಥಲ್ಲಿ ವೇಗ ಹೆಚ್ಚಿಸಬಾರದು.

ಜಿಲ್ಲೆಯ ರಸ್ತೆಗಳಲ್ಲಿ

ರಾಷ್ಟ್ರೀಯ ಹೆದ್ದಾರಿ 66ರಲ್ಲಿ ತಲಪಾಡಿಯಿಂದ ಚೆಂಗಳದ ತನಕದ 39 ಕಿ.ಮೀ. ಆರು ಪಥವಾಗಿ ಅಗಲಗೊಂಡಿದೆ. ಪಥದ ಗೆರೆ, ನಡುವೆ ವಿಭಜಕ ಇರುವ ಇಂಥ ರಸ್ತೆಯಲ್ಲೇ ಅಡಾಸ್ ತನ್ನ ಪೂರ್ಣ ಕೆಲಸ ಮಾಡುತ್ತದೆ. ಚಿಕಿತ್ಸೆಗೋ ಉದ್ಯೋಗಕ್ಕೋ ಆಗಾಗ ಮಂಗಳೂರಿಗೆ ಹೋಗಿ ಬರುವವರಿಗೆ ದೀರ್ಘ ಚಾಲನೆಯ ದಣಿವು ತುಸು ಕಡಿಮೆಯಾದೀತು.

ಆದರೆ ಜಿಲ್ಲೆಯ ಬದುಕು ಹೆದ್ದಾರಿಯಲ್ಲಿ ಮುಗಿಯುವುದಿಲ್ಲ. ಚೆರ್ಕಳದಿಂದ ಬದಿಯಡ್ಕ, ಪೆರ್ಲ ದಾಟಿ ಕಲ್ಲಡ್ಕಕ್ಕೆ, ಮುಳ್ಳೇರಿಯ ದಾಟಿ ಜಾಲ್ಸೂರಿಗೆ ಹೋಗುವ ರಸ್ತೆಗಳಲ್ಲಿ ತಿರುವುಗಳೇ ಹೆಚ್ಚು. ಪಂಚಾಯತು ರಸ್ತೆಗಳಲ್ಲಿ ಗೆರೆಯೇ ಇರುವುದಿಲ್ಲ. ಗೆರೆ ಕಾಣದಿದ್ದರೆ ಪಥ ಕಾಯುವ ಸೌಲಭ್ಯ ಸುಮ್ಮನಿರುತ್ತದೆ. ಹಲವು ಕಾರುಗಳಲ್ಲಿ ಅದು ಗಂಟೆಗೆ ಸುಮಾರು 60 ಕಿ.ಮೀ. ವೇಗದ ಬಳಿಕವೇ ಕೆಲಸ ಆರಂಭಿಸುತ್ತದೆ. ನಿಲ್ದಾಣದಲ್ಲಿ ಥಟ್ಟನೆ ನಿಲ್ಲುವ ಬಸ್ಸು, ಎಡದಿಂದ ನುಸುಳುವ ಬೈಕ್ ಕಂಡು ಕಾರು ಒಮ್ಮೆಲೇ ಬ್ರೇಕ್ ಹಾಕಿದರೆ ಹಿಂದಿನ ವಾಹನ ಬಂದು ಗುದ್ದುವ ಭಯವೂ ಇದೆ.

ವರ್ಷಕ್ಕೆ 3 ಸಾವಿರ ಮಿ.ಮೀ.ಗೂ ಅಧಿಕ ಮಳೆ ಸುರಿಯುವ ಜಿಲ್ಲೆಯಿದು. ಬಿರುಮಳೆಗೆ, ಗಾಜಿನ ಮೇಲೆ ಕೆಸರು ಹಾರಿದಾಗ ಕ್ಯಾಮರಾಕ್ಕೆ ಏನೂ ಕಾಣದೆ ವ್ಯವಸ್ಥೆ ತಾನಾಗಿ ಸ್ಥಗಿತಗೊಳ್ಳಬಹುದು. 2025ರ ಜುಲೈಯಲ್ಲಿ ಚೆರುವತ್ತೂರು ಸಮೀಪದ ವೀರಮಲ ಕುನ್ನಿನಲ್ಲಿ ಗುಡ್ಡ ಕುಸಿದು ಮಣ್ಣು ಹೆದ್ದಾರಿಗೆ ಬಿದ್ದಿತ್ತು. ಅಂಥ ಅಪಾಯವನ್ನು ಮುಂದಾಗಿ ಅಂದಾಜಿಸುವುದು ಕಾರಿನ ಕ್ಯಾಮರಾದ ಕೆಲಸವಲ್ಲ.

ಹಣದ ಲೆಕ್ಕ

ಅಡಾಸ್ ಸಾಮಾನ್ಯವಾಗಿ ಮೇಲಿನ ದರ್ಜೆಯ ಮಾದರಿಗಳಲ್ಲಿ ಮಾತ್ರ ಸಿಗುತ್ತದೆ. ಅಮೇಜ್ ಬಿಡುಗಡೆಯ ವೇಳೆ ಅಡಾಸ್ ಇರುವ ಮಾದರಿಗೂ ಅದರ ಕೆಳಗಿನದಕ್ಕೂ ಶೋರೂಮ್ ಬೆಲೆಯಲ್ಲಿ 60 ಸಾವಿರ ರೂ. ವ್ಯತ್ಯಾಸವಿತ್ತು. ಬೇರೆ ಕಾರುಗಳಲ್ಲಿ ಸನ್‌ರೂಫ್, ದೊಡ್ಡ ಪರದೆ ಮೊದಲಾದವುಗಳ ಬೆಲೆಯೂ ಜತೆಗೆ ಬಂದು ವ್ಯತ್ಯಾಸ ಲಕ್ಷ ದಾಟುವುದುಂಟು. ಕೇರಳದಲ್ಲಿ ಒಂದೇ ಬಾರಿಗೆ ಕಟ್ಟುವ ವಾಹನ ತೆರಿಗೆಯ ದರ ಕಾರಿನ ಬೆಲೆಗೆ ತಕ್ಕಂತೆ ಏರುವುದರಿಂದ, ಬೆಲೆ 10 ಲಕ್ಷದಂಥ ಗಡಿ ದಾಟಿದರೆ ಇಡೀ ಲೆಕ್ಕವೇ ಬದಲಾಗುತ್ತದೆ. ಆದ್ದರಿಂದ ರಸ್ತೆಗಿಳಿಯುವಾಗಿನ ಒಟ್ಟು ಬೆಲೆಯನ್ನೇ ಹೋಲಿಸಬೇಕು.

ಮುಂದಿನ ಖರ್ಚೂ ಇದೆ. ಗಾಜು ಒಡೆದು ಬದಲಿಸಿದರೆ ಕ್ಯಾಮರಾವನ್ನು ಮತ್ತೆ ಅಳತೆಗೆ ಹೊಂದಿಸಬೇಕು. ಬಂಪರಿಗೆ ಸಣ್ಣ ಪೆಟ್ಟು ಬಿದ್ದರೂ ರೇಡಾರ್ ಕೆಡಬಹುದು. ರೇಡಾರಿಗೆ ಅಡ್ಡವಾಗುವ ಗಾರ್ಡ್, ಅಲಂಕಾರದ ಪಟ್ಟಿಗಳನ್ನು ಹಾಕಿಸಬಾರದು. ಲೋಹದ ಕ್ರ್ಯಾಶ್ ಗಾರ್ಡುಗಳ ವಿರುದ್ಧ ಕೇಂದ್ರ ಸರಕಾರ 2017ರಲ್ಲೇ ಕ್ರಮಕ್ಕೆ ಸೂಚಿಸಿದೆ.

ಖರೀದಿಗೆ ಮುನ್ನ

ಮೊದಲು ಆರು ಏರ್‌ಬ್ಯಾಗ್, ಕಾರು ಜಾರದಂತೆ ತಡೆಯುವ ಇಎಸ್‌ಸಿ, 2023ರಲ್ಲಿ ಆರಂಭವಾದ ಭಾರತ್ ಎನ್‌ಸಿಎಪಿ ಪರೀಕ್ಷೆಯಲ್ಲಿ ಉತ್ತಮ ಅಂಕ, ಒಳ್ಳೆಯ ಟಯರು, ಬೆಳಕು ಇವುಗಳನ್ನು ಖಚಿತಪಡಿಸಿಕೊಳ್ಳಬೇಕು. ಇವನ್ನು ಬಿಟ್ಟು ಅಡಾಸ್ ಕೊಳ್ಳುವುದು ಅಡಿಪಾಯವಿಲ್ಲದೆ ಮಹಡಿ ಕಟ್ಟಿದಂತೆ.

ಬಳಿಕ ಮಾರಾಟಗಾರರಲ್ಲಿ ಕೇಳಬೇಕಾದವು ಇವು: ತುರ್ತು ಬ್ರೇಕ್ ಬೈಕನ್ನೂ ಪಾದಚಾರಿಯನ್ನೂ ಗುರುತಿಸುತ್ತದೆಯೇ? ಬೇಡವಾದ ಎಚ್ಚರಿಕೆಗಳನ್ನು ಬೇರೆ ಬೇರೆಯಾಗಿ ನಿಲ್ಲಿಸಬಹುದೇ? ಗಾಜು, ರೇಡಾರ್ ಬದಲಿಸಲು ಎಷ್ಟು ಖರ್ಚು, ವಿಮೆ ಎಷ್ಟು ಭರಿಸುತ್ತದೆ? ಅಳತೆ ಹೊಂದಿಸುವ ಯಂತ್ರ ಕಾಸರಗೋಡಿನಲ್ಲೇ ಇದೆಯೇ, ಮಂಗಳೂರಿಗೋ ಕಣ್ಣೂರಿಗೋ ಹೋಗಬೇಕೇ? ಪರೀಕ್ಷಾ ಚಾಲನೆಯನ್ನೂ ಹೆದ್ದಾರಿಯಲ್ಲಿ ಮಾತ್ರವಲ್ಲ, ದಿನವೂ ಓಡಾಡುವ ಊರ ರಸ್ತೆಯಲ್ಲಿ ಮಾಡಿ ನೋಡಬೇಕು.

ವಾರಕ್ಕೆ ಹಲವು ಬಾರಿ ಹೆದ್ದಾರಿ ಹಿಡಿಯುವವರು ತುರ್ತು ಬ್ರೇಕ್ ಮತ್ತು ಬದಿಯ ವಾಹನದ ಎಚ್ಚರಿಕೆಗಾಗಿ ಮಿತವಾದ ಹೆಚ್ಚುವರಿ ಹಣ ಕೊಟ್ಟರೆ ನಷ್ಟವಿಲ್ಲ. ಊರೊಳಗೆ, ಗುಡ್ಡಗಾಡಿನ ರಸ್ತೆಗಳಲ್ಲೇ ಓಡಾಡುವವರು ಅದಕ್ಕಾಗಿ ಸಾಲ ಹೆಚ್ಚಿಸಬೇಕಾಗಿಲ್ಲ. ಸ್ಟೇರಿಂಗಿನಿಂದ ಕೈ ತೆಗೆಯಬಹುದು ಎಂಬ ಆಸೆಗೆ ಮಾತ್ರ ಯಾರೂ ಒಂದು ರೂಪಾಯಿಯನ್ನೂ ಕೊಡದಿರುವುದು ಒಳಿತು.