ಅರ್ಕ: ಪದದ ಅರ್ಥ ಮತ್ತು ಬಳಕೆ

ಅರ್ಕ ಎಂದರೆ ಭಟ್ಟಿ ಇಳಿಸಿ ತೆಗೆದ ದ್ರವ. ಇದರ ಇನ್ನೊಂದು ರೂಪ ಅರಾಕ್. ಸಾರಾಯಿ ಎಂಬ ಅರ್ಥದಲ್ಲಿ ಈ ಪದ ಈಗ ಮರೆಯಾಗುತ್ತಿದೆ, ಔಷಧಿಗಳ ಹೆಸರಿನಲ್ಲಿ ಮಾತ್ರ ಉಳಿದಿದೆ. ಇದರಿಂದ ನಮ್ಮ ಶ್ರಾವಕರಲ್ಲಿ ಗೊಂದಲವೂ ಆಗುತ್ತಿದೆ.

ಉಚ್ಚಂಗಿದುರ್ಗದ ನಮ್ಮ ಅಂಗಡಿಗೆ ಬರುವ ಹಿರಿಯ ಶ್ರಾವಕಿಯೊಬ್ಬರು ಹೊಟ್ಟೆಯುಬ್ಬರಕ್ಕೆ ಓಮದ ಅರ್ಕ ಒಯ್ಯುತ್ತಿದ್ದರು. ಅಷ್ಟಮೂಲಗುಣದ ನಿಯಮ ಇರುವವರು. ಮೊಮ್ಮಗ ಮೊಬೈಲು ನೋಡಿ ಅರ್ಕ, ಅರಾಕ್ ಎಲ್ಲ ಸಾರಾಯಿಯೇ ಎಂದನಂತೆ. ಅಂದಿನಿಂದ ಅವರು ಬಾಟಲಿ ಮುಟ್ಟಲಿಲ್ಲ. "ಅಣ್ಣಾರ, ಇಷ್ಟ್ ವರ್ಷ ನಾ ಕುಡಿದಿದ್ದು ಸಾರಾಯಿ ಏನ್ರಿ?" ಎಂದು ಕಣ್ಣಲ್ಲಿ ನೀರು ತಂದುಕೊಂಡು ಕೇಳಿದರು.

ಹುಡುಗ ಹೇಳಿದ್ದು ಪೂರ್ತಿ ಸುಳ್ಳಲ್ಲ. ಅರಬ್ಬಿಯಲ್ಲಿ ಅರಕ್ ಎಂದರೆ ಬೆವರು. ಕಾಯಿಸಿದಾಗ ಎದ್ದ ಹಬೆ ತಣ್ಣಗಾಗಿ ಬೆವರಿನ ಹಾಗೆ ಹನಿಹನಿಯಾಗಿ ಇಳಿಯುತ್ತದೆ, ಅದಕ್ಕೇ ಆ ಹೆಸರು. ಇಂಗ್ಲಿಷಿನವರ ಬಾಯಲ್ಲಿ ಅದೇ ಅರಾಕ್ ಆಯಿತು. ನಮ್ಮ ರಾಜ್ಯದಲ್ಲಿ 2007ರ ಜುಲೈ 1ರಿಂದ ನಿಷೇಧವಾದ ಪ್ಯಾಕೆಟ್ ಸಾರಾಯಿ ಇದೇ. ಸಂಸ್ಕೃತದ ಅರ್ಕ ಬೇರೆ. ಅದಕ್ಕೆ ಸೂರ್ಯ ಎಂದೂ ಎಕ್ಕದ ಗಿಡ ಎಂದೂ ಅರ್ಥ. ಭಟ್ಟಿಯ ಔಷಧಿಗಳನ್ನು ಹೇಳುವ 'ಅರ್ಕಪ್ರಕಾಶ' ಎಂಬ ವೈದ್ಯಗ್ರಂಥವೂ ಇದೆ. ಅದನ್ನು ರಾವಣನ ಹೆಸರಿಗೆ ಹೇಳುತ್ತಾರೆ! ನಮ್ಮ ಪುರಾಣದಲ್ಲಿ ಆತ ಪ್ರತಿವಾಸುದೇವ.

ಆದರೆ ಭಟ್ಟಿ ಇಳಿಸಿದ್ದೆಲ್ಲ ಮದ್ಯವಲ್ಲ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಕೂಡ ಭಟ್ಟಿಯದೇ. ಮದ್ಯವಾಗಬೇಕಾದರೆ ಮೊದಲು ಬೆಲ್ಲ, ಹಣ್ಣು ಅಥವಾ ಧಾನ್ಯ ಹುಳಿತು ಕೊಳೆಯಬೇಕು. ಮದ್ಯಸಾರ ಹುಟ್ಟುವುದು ಆ ಕೊಳೆಯಲ್ಲಿ. ಭಟ್ಟಿ ಅದನ್ನು ಬೇರ್ಪಡಿಸಿ ತೀಕ್ಷ್ಣ ಮಾಡುತ್ತದೆ, ಅಷ್ಟೆ. ಓಮದ ಅರ್ಕಕ್ಕೆ ಓಮವನ್ನು ನೀರಿನಲ್ಲಿ ನೆನೆಸಿ, ಕಾಯಿಸಿ, ಹಬೆ ಇಳಿಸುತ್ತಾರೆ. ಕೊಳೆಸುವ ಕೆಲಸವೇ ಇಲ್ಲ. ಹೀಗೆ ಮಾಡಿದ್ದರಲ್ಲಿ ಮದ್ಯಸಾರ ಇರುವುದಿಲ್ಲ. ತಯಾರಕರು ಬೇರೆ ಏನಾದರೂ ಸೇರಿಸಿದ್ದಾರೆಯೇ ಎಂದು ಚೀಟಿ ಓದಿಕೊಂಡರೆ ಸಾಕು.

ಇಲ್ಲಿ ಶಾಸ್ತ್ರದ ಮಾತು ನೋಡಬೇಕು. ಸಪ್ತವ್ಯಸನಗಳಲ್ಲಿ ಸುರಾಪಾನವಿದೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಐದು ಅಣುವ್ರತಗಳ ಜೊತೆ ಮದ್ಯ, ಮಾಂಸ, ಮಧು ಇವುಗಳ ತ್ಯಾಗವನ್ನು ಸೇರಿಸಿ ಅಷ್ಟಮೂಲಗುಣ ಎಂದಿದ್ದಾರೆ. ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಮದ್ಯ ಏಕೆ ಬೇಡ ಎಂಬುದಕ್ಕೆ ಎರಡು ಕಾರಣ ಕೊಡುತ್ತಾರೆ: ಅದು ಮನಸ್ಸನ್ನು ಮೋಹಗೊಳಿಸುತ್ತದೆ, ಅದರಲ್ಲಿ ಅಸಂಖ್ಯ ಜೀವಗಳು ಹುಟ್ಟುತ್ತವೆ. ಕಾಯಿಸಿದ ಸಾರಾಯಿಯಲ್ಲಿ ಜೀವ ಎಲ್ಲಿದೆ ಎಂದು ವಾದ ಮಾಡುವವರೂ ಉಂಟು. ಕೊಳೆಯಲ್ಲಿ ಹುಟ್ಟಿದ ಜೀವಗಳನ್ನು ಬೇಯಿಸಿದ ಮೇಲೆ ತಾನೇ ಅದು ಸಾರಾಯಿ ಆದದ್ದು? ಮೊದಲ ಕಾರಣವಂತೂ ಹಾಗೇ ಉಳಿಯುತ್ತದೆ.

ಇಷ್ಟು ಹೇಳಿ ಅಜ್ಜಿಗೆ ಸಮಾಧಾನ ಮಾಡಿದೆ. ಆಮೇಲೆ ಅವರ ಚೀಲ ನೋಡಿದರೆ ಅದರಲ್ಲಿ ದಶಮೂಲಾರಿಷ್ಟದ ಬಾಟಲಿ! ನಿಜವಾಗಿ ಯೋಚಿಸಬೇಕಾದದ್ದು ಅದು. ಆಸವ ಮತ್ತು ಅರಿಷ್ಟಗಳನ್ನು ಭಟ್ಟಿ ಇಳಿಸುವುದಿಲ್ಲ, ಬೆಲ್ಲ ಹಾಕಿ ಹುಳಿ ಬರಿಸುತ್ತಾರೆ. ಮದ್ಯಸಾರ ಅದರಲ್ಲೇ ಹುಟ್ಟುತ್ತದೆ. ಬಾಟಲಿಯ ಮೇಲೆ ಸಣ್ಣ ಅಕ್ಷರದಲ್ಲಿ 'ಸೆಲ್ಫ್ ಜನರೇಟೆಡ್ ಆಲ್ಕೋಹಾಲ್' ಎಂದು ಶೇಕಡಾವಾರು ಸಮೇತ ಬರೆದಿರುತ್ತದೆ. ಶಾಲೆಯ ವಿಜ್ಞಾನ ಪುಸ್ತಕಗಳಲ್ಲಿ ಭಟ್ಟಿ ಇಳಿಸುವುದಕ್ಕೆ 'ಆಸವನ' ಎಂಬ ಪದ ಬಳಸಿರುವುದರಿಂದ ಮಕ್ಕಳಿಗೆ ಇದು ಇನ್ನಷ್ಟು ಗೋಜಲು. ಹೋಮಿಯೋಪಥಿಯ ಮದರ್ ಟಿಂಕ್ಚರ್‌ಗಳಲ್ಲೂ ಮದ್ಯಸಾರ ಇರುತ್ತದೆ.

ವೈದ್ಯರು ಬರೆದುಕೊಟ್ಟ ಔಷಧಿಯನ್ನು ತಾವಾಗಿಯೇ ನಿಲ್ಲಿಸಬೇಡಿ ಎಂದು ಅಜ್ಜಿಗೆ ಹೇಳಿದೆ. ನಿಯಮದ ವಿಷಯ ತಿಳಿಸಿದರೆ ಅರಿಷ್ಟದ ಬದಲು ಚೂರ್ಣವನ್ನೋ ಕಷಾಯವನ್ನೋ ಕೊಡಲು ಆಗುತ್ತದೆಯೇ ಎಂದು ಅವರೇ ನೋಡುತ್ತಾರೆ. ಮರುವಾರ ಅಜ್ಜಿ ದಶಮೂಲ ಕಷಾಯದ ಪುಡಿಗೆ ಚೀಟಿ ತಂದರು, ಜೊತೆಗೆ ಓಮದ ಅರ್ಕವನ್ನೂ ಒಯ್ದರು.